ಆರ್ಲಿಂಗ್ಟನ್ ರೋ: ಇದು ನೇಕಾರರ ಬೀದಿ

ನಮಸ್ಕಾರ. ಇಂಗ್ಲೆಂಡಿನ ಹಳ್ಳಿ ಅಂತ ಹುಡುಕಿ ನೋಡಿ. ಮೇಲೇ ಸಿಗುವ ಚಿತ್ರಗಳಲ್ಲಿ ಆರ್ಲಿಂಗ್ಟನ್ ರೋ ಇದ್ದೇ ಇರುತ್ತದೆ. ಗ್ಲಾಸ್ಟರ್‌ಶೈರ್‌ನ ಬೈಬರಿ ಊರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳ ಸಾಲು ಅದು. ಲಂಡನ್ನಿನ ಕನ್ನಡದವರೂ ಅಲ್ಲಿಗೆ ಹೋಗಿ ಫೋಟೋ ಹಾಕುತ್ತಾರೆ, "ಎಷ್ಟು ಮುದ್ದಾಗಿದೆ" ಅಂತ ಬರೆಯುತ್ತಾರೆ. ಮುದ್ದಾಗಿದೆ, ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಕಟ್ಟಡಕ್ಕೆ ಅನ್ಯಾಯ ಮಾಡಿದ ಹಾಗೆ. ಅದು ದುಡಿಯುವವರ ಬೀದಿ.

1380ರ ಸುಮಾರಿಗೆ ಕಟ್ಟಿದಾಗ ಅದು ಮನೆಯೇ ಆಗಿರಲಿಲ್ಲ. ಕ್ರೈಸ್ತ ಮಠದವರ ಉಣ್ಣೆ ಗೋದಾಮು. ಬೈಬರಿ ಇರುವ ಕಾಟ್ಸ್‌ವೋಲ್ಡ್ಸ್ ಸೀಮೆಯ ಕುರಿ ಉಣ್ಣೆಗೆ ಆಗ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ), ಇಟಲಿಯವರೆಗೂ ಬೇಡಿಕೆಯಿತ್ತು. 17ನೇ ಶತಮಾನದಲ್ಲಿ ಗೋದಾಮಿನೊಳಗೆ ಗೋಡೆ ಹಾಕಿ ನೇಕಾರರಿಗೆ ಮನೆಗಳನ್ನು ಮಾಡಿದರು.

ಈಗ ಮಾಡನ್ನು, ಅಂದರೆ ಚಾವಣಿಯನ್ನು, ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿರುವುದು ಮಣ್ಣಿನ ಹಂಚಲ್ಲ, ಸುಣ್ಣಕಲ್ಲಿನ ತೆಳು ಚಪ್ಪಡಿ. ಈ ಸೀಮೆಯಲ್ಲಿ ಕೆಲವು ಕಡೆ ಗಣಿಯಿಂದ ತೆಗೆದ ಕಲ್ಲನ್ನು ಚಳಿಗಾಲವಿಡೀ ಒದ್ದೆಯಾಗಿಯೇ ಬಯಲಲ್ಲಿ ಬಿಡುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ಪದರ ಪದರವಾಗಿ ಬಿಡುತ್ತಿತ್ತು. ಆಮೇಲೆ ಅಂಚು ಸರಿಮಾಡಿ, ತೂತು ಕೊರೆದು, ಮರದ ಗೂಟ ಹಾಕಿ ರೀಪಿಗೆ ನೇತುಹಾಕುವುದು. ದೊಡ್ಡ ಚಪ್ಪಡಿ ಸೂರಿನ ಕಡೆಗೆ, ಮೇಲೆ ಹೋದಂತೆ ಚಿಕ್ಕದು. ಕಲ್ಲು ನೀರು ಹೀರುತ್ತದೆ, ಹಾಗಾಗಿ ಮಳೆ ನಿಲ್ಲದೆ ಬೇಗ ಹರಿದುಹೋಗಬೇಕು. ಮಾಡು ಅಷ್ಟು ಕಡಿದಾಗಿರುವುದು ಅದಕ್ಕೇ, ಸುಮ್ನೆ ಅಂದಕ್ಕಲ್ಲ. ಈ ಕೈಚಳಕವನ್ನು "ಮುದ್ದು" ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನೇಯ್ದ ಬಟ್ಟೆ ಹತ್ತಿರದ ಆರ್ಲಿಂಗ್ಟನ್ ಮಿಲ್‌ಗೆ ಹೋಗುತ್ತಿತ್ತು. ಅಲ್ಲಿ ಅದನ್ನು ನೀರಲ್ಲಿ ಕುಟ್ಟಿ, ಜಿಡ್ಡು ತೆಗೆದು, ದಪ್ಪ ಮಾಡುತ್ತಿದ್ದರು. ಮನೆಗಳ ಎದುರಿಗಿರುವ ಹುಲ್ಲುಗಾವಲಿಗೆ ರ‍್ಯಾಕ್ ಐಲ್ ಅಂತ ಹೆಸರು. ಸುತ್ತ ನೀರು. ಚೌಕಟ್ಟುಗಳಿಗೆ ಬಟ್ಟೆ ಹಾಕಿ ಒಣಗಿಸುತ್ತಿದ್ದದ್ದು ಅಲ್ಲೇ. ಫೋಟೋ ತೆಗೆಯುವವರು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ!

ಹಳೆಯ ಮನೆಯನ್ನು ಮೊದಲಿದ್ದ ಹಾಗೇ ಇಡಬೇಕು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಮೊದಲು ಅಂದರೆ ಯಾವಾಗ? ಗೋದಾಮಾಗಿದ್ದಾಗಲೋ, ಮನೆಯಾದ ಮೇಲೋ? ಹೊಸ ಕೆಲಸ ಸಿಕ್ಕಿದ್ದಕ್ಕೇ ಆ ಗೋಡೆಗಳು ಉಳಿದವು ಅಂತ ನಾನು ನಂಬುತ್ತೇನೆ. 1930ರಲ್ಲಿ ಕಾರು ಕಂಪನಿಯ ಹೆನ್ರಿ ಫೋರ್ಡ್ ಅದೇ ಸೀಮೆಯ ಚೆಡ್‌ವರ್ತ್‌ನಿಂದ 1600ರ ದಶಕದ ಒಂದು ಕಲ್ಲಿನ ಮನೆಯನ್ನು ಬಿಚ್ಚಿಸಿ, ಅಮೆರಿಕದ ಡಿಯರ್‌ಬಾರ್ನ್‌ಗೆ ಸಾಗಿಸಿ, ತನ್ನ ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿಸಿದ. ಅಚ್ಚುಕಟ್ಟಾಗಿದೆ, ಆದರೆ ಅಲ್ಲಿ ಯಾರ ಸಂಸಾರವೂ ನಡೆಯುವುದಿಲ್ಲ.

ಆರ್ಲಿಂಗ್ಟನ್ ರೋ ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನದು. ಒಳಗೆ ಬಾಡಿಗೆಗೆ ಜನ ಇದ್ದಾರೆ. ಅಡುಗೆ ಮಾಡುತ್ತಾರೆ, ಕಸ ಹೊರಗಿಡುತ್ತಾರೆ. ಬಸ್ಸುಗಟ್ಟಲೆ ಬಂದವರು ಅವರ ಕಿಟಕಿಗೆ ಮೊಬೈಲ್ ಹಿಡಿಯುವುದು ತಪ್ಪು ಅಲ್ವಾ? ನೀವು ಹೋದರೆ ದಯವಿಟ್ಟು ಬಾಗಿಲಿಂದ ದೂರ ನಿಂತು ಆ ಮಾಡನ್ನು ನೋಡಿ, ಆಮೇಲೆ ತಿರುಗಿ ರ‍್ಯಾಕ್ ಐಲ್ ನೋಡಿ. ಜೊತೆಯಲ್ಲಿ ಮಕ್ಕಳಿದ್ದರೆ ಅಲ್ಲಿ ಬಟ್ಟೆ ಒಣಗಿಸುತ್ತಿದ್ದರು ಅಂತ ಹೇಳಿ.