ಆಧಾರ್ ಆಮೇಲೆ ನೋಡಿ, ಮೊದಲು ಪೇಷಂಟ್ ನೋಡಿ

ಕಾರವಾರದ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದರೆ ಆಂಬುಲೆನ್ಸ್ ಎತ್ತ ಓಡುತ್ತದೆ ಗೊತ್ತಾ? ಬಹಳ ಸಲ ಗೋವಾಕ್ಕೆ, ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೆ. ಹುಬ್ಬಳ್ಳಿಗೆ ಹೋಗಬೇಕಂದರೆ ಅರಬೈಲ್ ಘಟ್ಟ ಹತ್ತಬೇಕು. ಮಣಿಪಾಲ, ಮಂಗಳೂರು ಇನ್ನೂ ದೂರ.

ಆ ಬಾಂಬೋಳಿಯಲ್ಲಿ 2018ರ ಜನವರಿಯಿಂದ ಹೊರ ರಾಜ್ಯದವರಿಗೆ ಶುಲ್ಕ ಶುರುವಾಯಿತು. ಗೋವಾದವರಿಗೆ ಉಚಿತ, ಕಾರವಾರ, ಸಿಂಧುದುರ್ಗದಿಂದ ಬಂದವರಿಗೆ ಬಿಲ್ಲು. ಗಡಿಯ ಈಚೆ ಎಲ್ಲರಿಗೂ ಸಿಟ್ಟು ಬಂತು. ಬರಬೇಕಾದ್ದೇ. ಆದರೆ ಗೋವಾದವರು ಹೇಳುವುದೂ ಪೂರ್ತಿ ಸುಳ್ಳೇನಲ್ಲ ನೋಡಿ. ತೆರಿಗೆ ಕಟ್ಟುವವರು ಅವರು, ಬೆಡ್ಡಿಗೆ ಕಾಯುವವರೂ ಅವರು. ನಮ್ಮ ಸರ್ಕಾರ ಉತ್ತರ ಕನ್ನಡದಲ್ಲಿ ಕಟ್ಟದೇ ಬಿಟ್ಟ ಆಸ್ಪತ್ರೆಯ ಭಾರ ಅವರ ತಲೆ ಮೇಲೆ ಯಾಕೆ?

ಸರಿ, ನಾವೇನು ಸಾಚಾಗಳಾ? 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದವರು ನಾವೇ. ಕೇರಳದಲ್ಲಿ ಕೊರೋನಾ ಜಾಸ್ತಿ ಅಂತ ಗಡಿ ರಸ್ತೆಗಳಿಗೆ ಮಣ್ಣು ಸುರಿದೆವು. ಕಾಸರಗೋಡಿನ ಜನ ತಲೆಮಾರುಗಳಿಂದ ಮದ್ದಿಗೆ ಬರುವುದು ಮಂಗಳೂರಿಗೆ. ಅವರಲ್ಲಿ ಎಷ್ಟೋ ಜನರ ಮನೆಮಾತು ಕನ್ನಡ, ತುಳು. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಹೋದವು. ಮಂಗಳೂರು ಮುಟ್ಟಲಾಗದೆ ಕೆಲವರು ತೀರಿಕೊಂಡರು. ಕೇರಳ ಹೈಕೋರ್ಟ್ ದಾರಿ ಬಿಡಿಸಿ ಅಂದರೆ, ನಮ್ಮ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು! ಸೋಂಕಿನ ಭಯ ನಿಜ, ಒಪ್ಪೋಣ. ಅದಕ್ಕೆ ಗಡಿಯಲ್ಲಿ ಒಬ್ಬ ಡಾಕ್ಟರನ್ನು ನಿಲ್ಲಿಸಬಹುದಿತ್ತು. ಮಣ್ಣಿನ ಗುಡ್ಡೆ ಸೋಂಕಿನವರು ಯಾರು, ಹೃದಯಾಘಾತದವರು ಯಾರು ಅಂತ ನೋಡುತ್ತದಾ?

ದೆಹಲಿಯದ್ದೂ ಇದೇ ಕಥೆ. 2018ರಲ್ಲಿ ಅಲ್ಲಿನ ಜಿಟಿಬಿ ಆಸ್ಪತ್ರೆಯಲ್ಲಿ ಶೇ. 80ರಷ್ಟು ಬೆಡ್ ದೆಹಲಿಯವರಿಗೇ ಮೀಸಲು ಅಂತ ಸರ್ಕಾರ ಸುತ್ತೋಲೆ ಹೊರಡಿಸಿತು. ಉತ್ತರ ಪ್ರದೇಶ ಅಲ್ಲೇ ಪಕ್ಕದಲ್ಲಿದೆ. ಅದೇ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಸುತ್ತೋಲೆಯನ್ನೇ ರದ್ದು ಮಾಡಿತು.

ಅದಕ್ಕೂ ಎಷ್ಟೋ ಮುಂಚೆ, 1992ರಲ್ಲಿ, ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಅನ್ನುವವರು ರೈಲಿನಿಂದ ಬಿದ್ದರು. ತಲೆಗೆ ಪೆಟ್ಟು. ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಅಲೆದರು, ಎಲ್ಲೂ ಬೆಡ್ ಸಿಗಲಿಲ್ಲ. ಕೊನೆಗೆ ಖಾಸಗಿಗೇ ಸೇರಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು: ತುರ್ತು ಚಿಕಿತ್ಸೆ ಕೊಡದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಅನ್ನುವ ನೆಪ ನಡೆಯಲ್ಲ. ಪರಿಹಾರ ಕೊಡಿಸಿದ್ದು 25,000 ರೂಪಾಯಿ.

ಹಾಗಾದರೆ ಲೆಕ್ಕ ಯಾರು ಕಟ್ಟಬೇಕು? ರೋಗಿಯಂತೂ ಅಲ್ಲ. ಆಯುಷ್ಮಾನ್ ಯೋಜನೆಯಲ್ಲಿ ದಾರಿ ಆಗಲೇ ಇದೆ. ಯೋಜನೆಯಲ್ಲಿರುವ ಬೇರೆ ರಾಜ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೂ ದುಡ್ಡು ಕೊಡುವುದು ರೋಗಿಯ ರಾಜ್ಯ. ಇದನ್ನೇ ಇನ್ನಷ್ಟು ಸಲೀಸು ಮಾಡಲಿ. ಬಾಂಬೋಳಿಯವರು ಬಿಲ್ಲನ್ನು ಸ್ಟ್ರೆಚರ್ ಹಿಡಿದು ನಿಂತ ಅಣ್ಣನ ಕೈಗೆ ಕೊಡದೆ ನೇರ ವಿಧಾನಸೌಧಕ್ಕೆ ಕಳಿಸಲಿ. ನಾಲ್ಕು ವರ್ಷ ಬಿಲ್ಲು ಕಟ್ಟಿ ಸಾಕಾದ ಮೇಲಾದರೂ ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟುವುದೇ ಅಗ್ಗ ಅಂತ ಹಣಕಾಸು ಇಲಾಖೆಯವರಿಗೇ ಅನ್ನಿಸಬಹುದು.