ಬೆಸುಗೆ ನೋಡುವ ಕೆಲಸ

ಎಲ್ಲರಿಗೂ ನಮಸ್ಕಾರ. ಐಟಿಐ, ಡಿಪ್ಲೊಮಾ ಮುಗಿಸಿ ಮುಂದೇನು ಅಂತ ಕೂತಿರುವ ಹುಡುಗ ಹುಡುಗಿಯರೇ, ಈ ಮಾತು ಹೆಚ್ಚಾಗಿ ನಿಮಗೆ.

ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರ, ನಡುಗಡಲಲ್ಲಿ ಮುಂಬೈ ಹೈ ಇದೆ. 1976ರಿಂದ ಅಲ್ಲಿ ಎಣ್ಣೆ ತೆಗೆಯುತ್ತಿದ್ದಾರೆ. ಉಕ್ಕಿನ ಕಾಲುಗಳ ಮೇಲೆ ಪ್ಲಾಟ್‌ಫಾರ್ಮ್, ಕಡಲ ತಳದಲ್ಲಿ ಪೈಪು. ಇವು ಗಟ್ಟಿಯಾಗಿವೆಯಾ ಎಂದು ನೋಡುವವನೇ ಇನ್‌ಸ್ಪೆಕ್ಟರ್. ಏನು ನೋಡಬೇಕು? ಬೆಸುಗೆ. ಸಣ್ಣದಿರಲಿ, ದೊಡ್ಡದಿರಲಿ, ಬೆಸುಗೆ ನೋಡಬೇಕು.

ಯಾಕೆ ಅಂತ ಹೇಳ್ತೇನೆ ಕೇಳಿ. 1980, ಮಾರ್ಚ್ 27. ನಾರ್ವೆಯ ಎಕೋಫಿಸ್ಕ್ ಎಣ್ಣೆ ನೆಲೆ. ಕೆಲಸಗಾರರು ಉಳಿದುಕೊಳ್ಳಲು ಅಲ್ಲೊಂದು ತೇಲುವ ವಸತಿ ಇತ್ತು, ಹೆಸರು ಅಲೆಕ್ಸಾಂಡರ್ ಕೀಲಾಂಡ್. ಐದು ಕಾಲು. ಒಳಗೆ 212 ಜನ. ಸಂಜೆಯ ಹೊತ್ತು, ಕೆಲವರು ಊಟಕ್ಕೆ, ಕೆಲವರು ಸಿನಿಮಾಕ್ಕೆ ಕೂತಿದ್ದರು. ಒಂದು ಕಾಲನ್ನು ಹಿಡಿದಿದ್ದ ಅಡ್ಡಪೈಪು ಮುರಿಯಿತು. ಅದರ ಭಾರ ಪಕ್ಕದವುಗಳ ಮೇಲೆ ಬಿತ್ತು, ಅವೂ ಮುರಿದವು. ಇಡೀ ಕಾಲೇ ಕಳಚಿಹೋಯಿತು. ಅರ್ಧ ಗಂಟೆಯೊಳಗೆ ವಸತಿ ತಲೆಕೆಳಗಾಯಿತು. 123 ಜನ ಸತ್ತರು.

ಬಿರುಗಾಳಿ ಕಾರಣ ಅಂತೀರಿ, ಅಲ್ವಾ? ಗಾಳಿ ಇತ್ತು. ಆದರೆ ಉತ್ತರ ಸಮುದ್ರದಲ್ಲಿ ಗಾಳಿ ಯಾವಾಗ ಇರಲ್ಲ? ಆ ಅಡ್ಡಪೈಪಿಗೆ ಹೈಡ್ರೊಫೋನ್, ಅಂದರೆ ನೀರೊಳಗಿನ ಮೈಕು, ಕೂರಿಸಲು ಒಂದು ಸಣ್ಣ ಹಿಡಿಕೆ ಬೆಸೆದಿದ್ದರು. ಬೆಸುಗೆ ಬರೀ 6 ಮಿಲಿಮೀಟರ್. ಅದು ಭಾರ ಹೊರುವ ಭಾಗ ಅಂತ ಯಾರೂ ಎಣಿಸಿರಲಿಲ್ಲ. ಬಿರುಕು ಶುರುವಾದದ್ದು ಅಲ್ಲೇ. ತನಿಖೆ ಮಾಡಿದವರಿಗೆ ಬಿರುಕಿನೊಳಗೆ ಏನು ಸಿಕ್ಕಿತು ಗೊತ್ತಾ? ಬಣ್ಣ! ಕಟ್ಟುವಾಗಲೇ ಬಿರುಕು ಇತ್ತು, ಅದರ ಮೇಲೇ ಬಣ್ಣ ಬಳಿದಿದ್ದರು. ಆಮೇಲೆ ವರ್ಷಗಟ್ಟಲೆ ಅಲೆ ಬಡಿದು ಬಡಿದು ಅದು ಬೆಳೆಯಿತು.

ಅದಕ್ಕೇ ಹೇಳೋದು, ಬೆಸುಗೆ ನೋಡಿ. ಮೊದಲು ಚಿಪ್ಪು, ಪಾಚಿ ಎಲ್ಲ ಕೆರೆದು ಉಕ್ಕು ಹೊಳೆಯುವ ಹಾಗೆ ಮಾಡಬೇಕು. ಆಮೇಲೆ ಅಲ್ಲಿ ಅಯಸ್ಕಾಂತ ಶಕ್ತಿ ಹಾಯಿಸಿ, ಕಬ್ಬಿಣದ ಸಣ್ಣ ಪುಡಿ ಬಿಟ್ಟರೆ, ಬಿರುಕಿನ ಉದ್ದಕ್ಕೂ ಪುಡಿ ಗೆರೆಯಾಗಿ ಕೂರುತ್ತದೆ. ಕೆರೆಯದೆ ಸುಮ್ನೆ ಫೋಟೊ ತೆಗೆದು ರಿಪೋರ್ಟ್ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಯ್ಯೋ, ಪೈಪ್‌ಲೈನಿಗೆ ಸಮಯವೇ ಉಳಿಯಲಿಲ್ಲ. ಪಿಗ್ ಎಂಬ ಯಂತ್ರವನ್ನು ಪೈಪಿನೊಳಗೆ ಬಿಡುತ್ತಾರೆ. ಹರಿಯುವ ಎಣ್ಣೆಯೇ ಅದನ್ನು ತಳ್ಳುತ್ತದೆ, ತುಕ್ಕು ತಿಂದು ತೆಳುವಾದ ಜಾಗ ಅದಕ್ಕೆ ಗೊತ್ತಾಗುತ್ತದೆ. ಇಷ್ಟು ಸಾಕು.

ಈ ಕೆಲಸಕ್ಕೆ ಎಲ್ಲರೂ ಡೈವರ್ ಆಗಲೇಬೇಕು ಅಂತಿಲ್ಲ. ಹಡಗಿನಲ್ಲೇ ಕೂತು ಆರ್‌ಒವಿಯ, ಅಂದರೆ ಮೇಲಿನಿಂದಲೇ ನಡೆಸುವ ನೀರೊಳಗಿನ ಯಂತ್ರದ, ಕ್ಯಾಮೆರಾದಲ್ಲಿ ನೋಡುವವರೂ ಇದ್ದಾರೆ. ಅದಕ್ಕೆ ಬೇರೆ ಸರ್ಟಿಫಿಕೇಟ್ ಇದೆ. ಸಂಬಳ ಎಷ್ಟು ಅಂತ ಎಲ್ಲರೂ ಮೊದಲು ಕೇಳ್ತಾರೆ. ಅದು ಆಮೇಲೆ. ನಾಳೆ ನಿಮ್ಮ ಊರಿನ ವೆಲ್ಡಿಂಗ್ ಶಾಪಿಗೆ ಹೋಗಿ. ಆರಿದ ಒಂದು ಬೆಸುಗೆಯನ್ನು ಬಿಸಿಲಿಗೆ ಹಿಡಿದು, ಅಂಚಿನಲ್ಲಿ ಅಂಡರ್‌ಕಟ್, ಅಂದರೆ ಬೆಸುಗೆಯ ಪಕ್ಕದ ಉಕ್ಕು ಕರಗಿ ಉಳಿದ ತೋಡು, ಇದೆಯಾ, ತೂತು ಇದೆಯಾ ಅಂತ ಹುಡುಕಿ. ನಮಸ್ಕಾರ.