ಹೊಂಡದ ತಳದ ಗೊಬ್ಬರ

ಮೀನುಕೃಷಿಕರೇ, ಕಾಫಿ ಬೆಳೆಗಾರರೇ,

ಹಾಸನದ ಸಭೆಯಲ್ಲಿ ಕಾಟ್ಲಾ, ರೋಹು ಸಾಕುವ ಬಗೆಯನ್ನು ನಾನು ಹೇಳಬೇಕಾಗಿಲ್ಲ. ನನ್ನ ತಕರಾರು ಮೀನು ಹಿಡಿದ ಮಾರನೆಯ ದಿನದ್ದು. ಹೊಂಡದ ನೀರನ್ನೂ ತಳದ ಕಪ್ಪು ಕೆಸರನ್ನೂ ಪಂಪು ಹಚ್ಚಿ ಹಳ್ಳಕ್ಕೆ ಬಿಡುತ್ತೇವೆ. ಅದೇ ವಾರ ಸೊಸೈಟಿಯ ಮುಂದೆ ಸಾರಜನಕವೂ ರಂಜಕವೂ, ಅಂದರೆ ಫಾಸ್ಫರಸ್ಸೂ, ಇರುವ ಡಿ.ಎ.ಪಿ. ಗೊಬ್ಬರದ ಚೀಲಕ್ಕಾಗಿ ಸಾಲು ನಿಲ್ಲುತ್ತೇವೆ. ಹಳ್ಳಕ್ಕೆ ಬಿಟ್ಟದ್ದಕ್ಕೂ ನಾವು ದುಡ್ಡು ಕೊಟ್ಟಾಗಿದೆ.

ಲೆಕ್ಕ ನೋಡಿ. ನೂರಕ್ಕೆ 31ರಷ್ಟು ಪ್ರೊಟೀನ್ ಇರುವ ಒಂದು ಟನ್ ಮೀನಿನ ಆಹಾರದಲ್ಲಿ ಸುಮಾರು 50 ಕೆ.ಜಿ. ಸಾರಜನಕವಿರುತ್ತದೆ, ರಂಜಕವನ್ನು 10 ಕೆ.ಜಿ. ಎಂದಿಟ್ಟುಕೊಳ್ಳೋಣ. ಮೀನಿನ ಮೈಗೆ ಹತ್ತುವುದು ಮೂರನೆಯ ಒಂದು ಪಾಲಿನ ಆಸುಪಾಸು. ಮಿಕ್ಕ ಸಾರಜನಕದಲ್ಲಿ ಬಹುಪಾಲು ಅಮೋನಿಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ, ಅಷ್ಟಿಷ್ಟು ಗಾಳಿಗೂ ಹೋಗುತ್ತದೆ. ಆದರೆ ಗಾಳಿಗೆ ಹಾರಲು ಬಾರದ ರಂಜಕ ಹಿಕ್ಕೆಯೊಡನೆ ತಳದಲ್ಲಿ ಕೂರುತ್ತದೆ. ಆ ಆಹಾರದ ಹಿಂಡಿ ಮತ್ತು ತೌಡಿನ ರಂಜಕ ಹೆಚ್ಚಾಗಿ ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿದ್ದು, ಅದನ್ನು ಅರಗಿಸುವ ಶಕ್ತಿ ಮೀನಿನ ಹೊಟ್ಟೆಗೆ ಇಲ್ಲ. ಮೊರಾಕೊ, ಜೋರ್ಡಾನ್‌ಗಳಿಂದ ಹಡಗೇರಿ ಬರುವ ರಂಜಕವನ್ನು ನಾವು ಹೇಮಾವತಿಯ ಪಾಚಿಗೆ ಉಣಬಡಿಸುತ್ತಿದ್ದೇವೆ.

ನಮ್ಮ ಅಜ್ಜನಿಗೆ ರಂಜಕವೆಂಬ ಪದ ಗೊತ್ತಿರಲಿಲ್ಲ, ಕೆರೆಯ ತಳದ ಹೂಳಾದ ಕೆರೆಗೋಡು ಗೊತ್ತಿತ್ತು. ಅರಸೀಕೆರೆಯ ಕಡೆ ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಅವರು ನಸುಕಿನಲ್ಲೇ ಇಳಿದು, ಹಿಡಿ ಗೋಡನ್ನು ಮೂಸಿ, ತೂಬಿನ ಹತ್ತಿರದ ಕಪ್ಪು ಗೋಡೇ ಬೇಕೆಂದು ಗಾಡಿ ನಿಲ್ಲಿಸುತ್ತಿದ್ದರು. ಅದೇ ಜಾಗಕ್ಕೆ ಪಕ್ಕದ ಹೊಲದವರೂ ಬರುತ್ತಿದ್ದುದರಿಂದ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತಿರಲಿಲ್ಲ. ಒಮ್ಮೆ ಅಜ್ಜನ ಗಾಡಿಯ ಗಾಲಿ ಗುಂಬದವರೆಗೆ ಹೂತುಹೋಯಿತು. ಆ ನೆರೆಯವರು ತುಟಿಬಿಚ್ಚದೆ ತಮ್ಮ ಎತ್ತುಗಳನ್ನು ತಂದು ಕಟ್ಟಿ, ಗಾಡಿಯನ್ನು ದಡಕ್ಕೆಳೆದು, ಕೂಲಿಯೆಂದು ಅರ್ಧ ಗಾಡಿ ಗೋಡನ್ನು ತಮ್ಮ ಹೊಲಕ್ಕೆ ಸುರಿದುಕೊಂಡರು. ಅಜ್ಜ ಸಾಯುವವರೆಗೂ ಹೇಳುತ್ತಿದ್ದುದು ಎತ್ತಿನ ಉಪಕಾರವನ್ನಲ್ಲ, ಆ ಅರ್ಧ ಗಾಡಿಯನ್ನು. ಕೆರೆಯಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ಗೋಡಿಗೇ ಅಷ್ಟು ಜಗಳವಿತ್ತು. ನಮ್ಮ ಹೊಂಡದ ಕೆಸರಿಗೋ, ದುಡ್ಡು ಕೊಟ್ಟಾಗಿದೆ!

ಇನ್ನು ಸ್ಟ್ರುವೈಟ್ ಎಂಬ ಗೊಬ್ಬರದ ಹರಳಿನ ಮಾತು. ಕೊಳೆತ ಕೆಸರಿನಿಂದ ಬಸಿದ ನೀರಿಗೆ ಮೆಗ್ನೀಸಿಯಂ ಬೆರೆಸಿ, ಹುಳಿ-ಕ್ಷಾರದ ಅಳತೆಯಾದ ಅದರ ಪಿ.ಎಚ್. ಅನ್ನು 8ರಿಂದ ಮೇಲಕ್ಕೇರಿಸಿದರೆ, ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಸೇರಿ ಬಿಳಿ ಹರಳಾಗುತ್ತವೆ. ಕರಗುವ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದುಬಿಡುವ ಸಕಲೇಶಪುರದ ಹುಳಿಮಣ್ಣಿಗೆ, ನಿಧಾನವಾಗಿ ಕರಗುವ ಈ ಹರಳು ಹೇಳಿ ಮಾಡಿಸಿದಂತಿದೆ. ಆದರೆ ಇದು ನೀರನ್ನು ಶೋಧಿಸಿ ಮರುಬಳಸುವ ದೊಡ್ಡ ಘಟಕಗಳ ಕೆಲಸವೇ ಹೊರತು ಕೃಷಿಹೊಂಡದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ಆದ್ದರಿಂದ ಮೀನಿನ ನೀರಿನಲ್ಲೇ ಸೊಪ್ಪು ಬೆಳೆಸುವ ಅಕ್ವಾಪೋನಿಕ್ಸ್ ವಿಷಯವನ್ನು ಬಿಡುತ್ತೇನೆ. ಅದರಲ್ಲಿ ಪೊಟ್ಯಾಷ್, ಕಬ್ಬಿಣಗಳನ್ನು ಹೊರಗಿನಿಂದ ಕೊಡಬೇಕಾಗುತ್ತದೆಂದು ನೆನಪಿಟ್ಟರೆ ಸಾಕು. ಹೊಂಡದವರು ಮೇಲಿನ ನೀರನ್ನು ಅಡಿಕೆಗೋ ತೆಂಗಿಗೋ ಹಾಯಿಸಿ, ಕೆಸರು ಬಿರುಕುಬಿಡುವಷ್ಟು ಒಣಗಿದ ಮೇಲೆ ತೆಗೆದು, ಕಾಫಿ ಸಿಪ್ಪೆಯೊಡನೆ ಕಾಂಪೋಸ್ಟ್ ಮಾಡಬೇಕು. ಪೊಟ್ಯಾಷ್ ಬರಲೆಂದು ಹಸಿ ಕೆಸರಿಗೆ ಒಲೆಬೂದಿ ಬೆರೆಸಬೇಡಿ, ಅಮೋನಿಯ ಹಾರಿಹೋಗುತ್ತದೆ. ಬೂದಿಯನ್ನು ಗಿಡದ ಬುಡಕ್ಕೆ ಬೇರೆಯಾಗಿಯೇ ಕೊಡಿ.

ಹೊರಗೆ ಜಗುಲಿಯಲ್ಲಿ ಎರಡು ಬಕೆಟ್ ಇಟ್ಟಿದ್ದೇನೆ, ಒಂದರಲ್ಲಿ ಹಸಿ ಕೆಸರು, ಇನ್ನೊಂದರಲ್ಲಿ ಅದರಿಂದಾದ ಕಾಂಪೋಸ್ಟ್. ಎರಡನ್ನೂ ಮೂಸಿ ನೋಡಿ, ಹಸಿಯದನ್ನು ಮಾತ್ರ ಊಟಕ್ಕೆ ಮೊದಲು ಬೇಡ.